ಸಾರಗೋಸಾ, ದಡ್ಡಿ ಮಾರ್ಗವಾಗಿ

ಜೂನ್ 23, ಸೋಮವಾರ

ವಿದೇಶಕ್ಕೆ ಹೊರಟ ದಿನದಿಂದ ದಿನಚರಿ ಬರೆಯಿರಿ, ಅದೂ ಸ್ಪ್ಯಾನಿಷ್‌ನಲ್ಲೇ ಬರೆಯಿರಿ ಎಂದು ನಮ್ಮ ಮೇಡಂ ಹೇಳಿದ್ದರು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಇದನ್ನು ಯಾರೂ ಓದುವುದಿಲ್ಲ, ಮತ್ತು ನಾನು ಬಂದು ಕೂತಿರುವುದು ವಿದೇಶದಲ್ಲಲ್ಲ, ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಿ.

ಆದದ್ದಿಷ್ಟು. ನಾನು ಬೆಳಗಾವಿಯಲ್ಲಿ ಬಿಬಿಎ ಇಂಟರ್‌ನ್ಯಾಷನಲ್ ಬಿಸಿನೆಸ್ ಓದುತ್ತಿದ್ದೇನೆ, ಜೊತೆಗೆ ಸ್ಪ್ಯಾನಿಷ್. ಮೂರನೆಯ ವರ್ಷದ ಮೊದಲ ಸೆಮಿಸ್ಟರ್ ಸ್ಪೇನ್ ದೇಶದ ಸಾರಗೋಸಾದಲ್ಲಿ. ಕಾಲೇಜಿನಿಂದ ಆಯ್ಕೆಯಾದವಳು ನಾನೊಬ್ಬಳೇ. ಜುಲೈ ಹದಿನಾಲ್ಕರಿಂದ ಅಲ್ಲಿ ಭಾಷೆಯ ತರಗತಿ, ಸೆಪ್ಟೆಂಬರ್ ಎಂಟರಿಂದ ಸೆಮಿಸ್ಟರ್. ಎಂಟಕ್ಕೆ ಹಾಜರಾಗದಿದ್ದರೆ ಸೀಟು ಹೋಯಿತು, ಇನ್ನೊಂದು ಸಲ ಎಂಬುದಿಲ್ಲ. ವೀಸಾ ಇನ್ನೂ ಬಂದಿಲ್ಲ. ಆದರೂ ಇವತ್ತು ಬೆಳಿಗ್ಗೆ ನಾನು ಕೊಣ್ಣೂರಿನ ಮನೆ ಬಿಟ್ಟು ಹೊರಟಾಯಿತು.

ಇದೆಲ್ಲ ಆಯಿಯ ಕೆಲಸ. ಆಯಿ ಎಂದರೆ ಅಪ್ಪನ ತಾಯಿ, ಸತ್ತೆವ್ವ. ನಾಡಿದ್ದು ಅಮಾವಾಸ್ಯೆ, ಆಮೇಲೆ ಆಷಾಢ. ಆಷಾಢದಲ್ಲಿ ಮನೆಮಗಳು ದೂರದ ದಾರಿ ಹಿಡಿಯಬಾರದಂತೆ. ಅದಕ್ಕೆ ಉಪಾಯವನ್ನೂ ಅವಳೇ ತಂದಳು, ತನ್ನ ತವರು ಮೂಡಲಗಿಯಲ್ಲಿ ಪಂಚಾಂಗ ನೋಡುವ ಅಯ್ಯನವರನ್ನು ಕೇಳಿಕೊಂಡು. ಒಳ್ಳೆಯ ಗಳಿಗೆಯಲ್ಲಿ ಸಾಮಾನು ಸಮೇತ ಹೊಸ್ತಿಲು ಬಿಟ್ಟು ಬೇರೆಯವರ ಮನೆಯಲ್ಲಿ ಹೋಗಿ ಇದ್ದುಬಿಡುವುದು. ಇದಕ್ಕೆ ಪ್ರಸ್ಥಾನ ಎನ್ನುತ್ತಾರೆ. ಅಲ್ಲಿಗೆ ಪ್ರಯಾಣ ಶುರುವಾಯಿತೆಂದೇ ಲೆಕ್ಕ, ಮುಂದೆ ಯಾವ ದಿನ ಹೊರಟರೂ ದೋಷವಿಲ್ಲ. ಒಂದೇ ಕರಾರು. ಹೋಗಿ ಬರುವ ತನಕ ಸ್ವಂತ ಮನೆಯ ಹೊಸ್ತಿಲನ್ನು ಮತ್ತೆ ದಾಟುವಂತಿಲ್ಲ. ದಾಟಿದರೆ ಹೋಗುವ ಕೆಲಸ ಕೆಟ್ಟಿತು.

ಅಂತಾರಾಷ್ಟ್ರೀಯ ವ್ಯಾಪಾರ ಓದುವವಳು ನಾನು! ನಗು ಬಂತು. ಆದರೆ ಗೋಕಾಕದ ಏಜೆಂಟರು ಹದಿನೈದು ದಿನದಲ್ಲಿ ವೀಸಾ ಕೈಗೆ ಬರುತ್ತದೆ ಎಂದಿದ್ದರು. ಹದಿನೈದು ದಿನ ತಾನೇ, ಮುದುಕಿಯ ಮನಸ್ಸಿಗೆ ಸಮಾಧಾನವಾಗಲಿ ಎಂದು ಒಪ್ಪಿಕೊಂಡೆ.

ಅಷ್ಟರಲ್ಲಿ ನಮ್ಮ ಅಣ್ಣ ಅಭಿಷೇಕ ಸುಮ್ಮನಿರಬೇಕಲ್ಲ. ನನಗಿಂತ ಎರಡು ವರ್ಷ ದೊಡ್ಡವನು, ಬುದ್ಧಿ ಮಾತ್ರ ಹಿಂದೆಯೇ ಉಳಿದಿದೆ. ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಹಾಕಿಸಿಬಿಟ್ಟಿದ್ದಾನೆ. ‘ಸ್ಪೇನ್ ದೇಶಕ್ಕೆ ಪಯಣಿಸುತ್ತಿರುವ ಕೊಣ್ಣೂರಿನ ಹೆಮ್ಮೆಯ ಮಗಳು ಸುಮನ್‌ಗೆ ಹಾರ್ದಿಕ ಶುಭಾಶಯಗಳು.’ ನನ್ನ ಫೋಟೋ ಚಿಕ್ಕದು, ಕೆಳಗೆ ಶುಭ ಕೋರುವ ಅವನ ಗೆಳೆಯರ ಮುಖಗಳೇ ದೊಡ್ಡವು. ಓಣಿಯವರು ಶಾಲು ಹೊದಿಸಿ, ಕೈಗೆ ಕರದಂಟಿನ ಡಬ್ಬಿ ಕೊಟ್ಟರು. ಅವ್ವ ಅತ್ತಳು. ಆಯಿ ಉಡಿ ತುಂಬಿ, ತಿರುಗಿ ನೋಡಬೇಡ ಎಂದಳು. ನಾನು ನೋಡಲಿಲ್ಲ. ಮೊಬೈಲಿನಲ್ಲಿ ಮೇಲ್ ಬಂದಿದೆಯಾ ಎಂದು ನೋಡುತ್ತಿದ್ದೆ.

ಜೂನ್ 26, ಗುರುವಾರ

ಇದು ಶಿವವ್ವ ಅತ್ತೆಯ ಮನೆ. ಅಪ್ಪನ ತಂಗಿ. ಮಾವ ಹಿಡಕಲ್ ಅಣೆಕಟ್ಟಿನ ಗೇಟುಗಳ ಕೆಲಸದಲ್ಲಿದ್ದಾರೆ, ಮಳೆಗಾಲ ಮುಗಿಯುವ ತನಕ ಅಲ್ಲಿನ ಕ್ವಾರ್ಟರ್ಸ್‌ನಲ್ಲೇ ವಾಸ. ಮನೆಯಲ್ಲಿರುವುದು ಅತ್ತೆ, ಅವಳ ಅತ್ತೆ ಭರಮವ್ವ, ಈಗ ನಾನು ಮತ್ತು ನನ್ನ ಸೂಟ್‌ಕೇಸ್.

ಈ ಮನೆಯ ಮಾತು ಮರಾಠಿ. ನಮ್ಮ ಅತ್ತೆಯೂ ಇಲ್ಲಿ ಮರಾಠಿಯವಳೇ ಆಗಿಹೋಗಿದ್ದಾಳೆ, ನನ್ನ ಜೊತೆ ಕನ್ನಡ ಆಡುವಾಗಲೂ ನಡುನಡುವೆ ಜಾರುತ್ತಾಳೆ. ಆ ಮುದುಕಿಗಂತೂ ಕನ್ನಡ ಬರುವುದೇ ಇಲ್ಲವೋ, ಬಂದರೂ ಆಡುವುದಿಲ್ಲವೋ ದೇವರೇ ಬಲ್ಲ. ಬೆಳಿಗ್ಗೆ ಎದ್ದು ಹೊರಗೆ ಬಂದ ಕೂಡಲೇ ನನ್ನನ್ನು ಕೇಳುವುದು ಒಂದೇ. “ಕಧೀ ಜಾಣಾರ?”

ಯಾವಾಗ ಹೋಗುತ್ತೀ ಎಂದು ಅದರ ಅರ್ಥ, ಅತ್ತೆ ಹೇಳಿದಳು. ಬಂದ ಮೂರನೆಯ ದಿನಕ್ಕೇ ಯಾವಾಗ ಹೋಗುತ್ತೀ ಎನ್ನುವ ಮನೆಯಲ್ಲಿ ಇರುವುದು ಹೇಗೆ? ಸಿಟ್ಟು ಬಂದು ಎರಡೇ ರೊಟ್ಟಿ ತಿಂದು ಎದ್ದೆ.

ಜುಲೈ 3, ಗುರುವಾರ

ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಹಿನ್ನೀರಿನ ದಂಡೆಯ ದಿಬ್ಬ ಹತ್ತಿದರೆ ಎರಡು ಕಡ್ಡಿ ಬರುತ್ತದೆ. ಕೊಡೆ ಹಿಡಿದು ಅಲ್ಲೇ ಕೂತು ಸಾರಗೋಸಾದವರ ಆನ್‌ಲೈನ್ ಕ್ಲಾಸ್ ಕೇಳಿದೆ. ಅಲ್ಲಿ ನಾವು ಒಬ್ಬೊಬ್ಬರು ಒಂದೊಂದು ಮನೆಯಲ್ಲಿ ಇರಬೇಕು, ಅವರ ಮನೆಯವರಂತೆ. ಅದಕ್ಕೆ ಸೂಚನೆಗಳು. ಕೋಣೆಯ ಬಾಗಿಲು ಹಾಕಿಕೊಂಡು ಕೂರಬೇಡಿ. ಅಡುಗೆಮನೆಯಲ್ಲಿ ಕೈ ಜೋಡಿಸಿ. ತಪ್ಪಾದರೂ ಪರವಾಗಿಲ್ಲ, ಅವರ ಭಾಷೆಯಲ್ಲೇ ಮಾತಾಡಿ. ಮೊದಲ ವಾರಗಳಲ್ಲಿ ಎಲ್ಲರ ಮೇಲೂ ಸಿಟ್ಟು ಬರುತ್ತದೆ, ಹೆದರಬೇಡಿ.

ಎಲ್ಲವನ್ನೂ ಬರೆದುಕೊಂಡೆ. ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಓದಿದೆ.

ಏಜೆಂಟರಿಗೆ ಫೋನ್ ಮಾಡಿದರೆ, “ಬರ್ತೈತ್ರಿ, ಯಾಕ ಗಡಬಡ ಮಾಡ್ತೀರಿ” ಎನ್ನುತ್ತಾರೆ. ಇವರಿಗೇನು, ಹೊಸ್ತಿಲು ಬಿಟ್ಟು ಕೂತವಳು ನಾನು.

ಜುಲೈ 11, ಶುಕ್ರವಾರ

ಕಾಲೇಜಿನ ಪತ್ರದಲ್ಲಿ ಒಂದು ಮೊಹರು ಕಡಿಮೆಯಂತೆ. ಮತ್ತೊಮ್ಮೆ ಕಳಿಸಬೇಕಂತೆ. ಕಾಲೇಜಿನವರು ಮೇಲ್ ಮಾಡಿದ್ದನ್ನು ಪ್ರಿಂಟ್ ತೆಗೆಸಿ ಮುಂಬಯಿಯ ವೀಸಾ ಕಚೇರಿಗೆ ಕೊರಿಯರ್ ಮಾಡಲು ಹುಕ್ಕೇರಿಗೆ ಹೋಗಿದ್ದೆ.

ಬಳೆ ಅಂಗಡಿಯ ಮುಂದೆ ಯಾರು ಎದುರಾಗಬೇಕು? ನಮ್ಮ ಓಣಿಯ ಹಣಮಂತ ಕಾಕಾ. ಫ್ಲೆಕ್ಸ್ ಕಟ್ಟಲು ಏಣಿ ಕೊಟ್ಟವರೇ ಅವರು. ಕಣ್ಣು ಕಿರಿದು ಮಾಡಿಕೊಂಡು ನೋಡಿದರು. “ಯಾಕವಾ ಸುಮನಾ, ಸ್ಪೇನ್‌ದಿಂದ ಇಷ್ಟ ಲಗೂನ ಬಂದಿ?”

ಭೂಮಿ ಬಾಯಿ ಬಿಡಬಾರದೆ ಅನಿಸಿತು. ಬಾಯಿಗೆ ಬಂದದ್ದು ಹೇಳಿಬಿಟ್ಟೆ. “ಹೂಂರಿ ಕಾಕಾ, ರಜಾ ಕೊಟ್ಟಾರ.”

ಸಂಜೆಯೊಳಗೆ ಕೊಣ್ಣೂರಿನಲ್ಲೆಲ್ಲ ಸುದ್ದಿ, ಸ್ಪೇನಿನಲ್ಲಿ ರಜೆ ಕೊಟ್ಟಿದ್ದಾರೆ ಎಂದು. ಅಭಿಷೇಕ ಫೋನಿನಲ್ಲಿ ಬಿದ್ದು ಬಿದ್ದು ನಕ್ಕ. ಫ್ಲೆಕ್ಸ್ ತೆಗೆಸು ಅಂದೆ. ತೆಗೆದರೆ ಇನ್ನೂ ಹೆಚ್ಚು ಮಂದಿ ಕೇಳುತ್ತಾರೆ ಎಂದ. ಆ ಮಾತು ಮಾತ್ರ ಖರೆ. ಆಮೇಲೆ ಅವ್ವ ಫೋನ್ ತೆಗೆದುಕೊಂಡು, ಇದು ಬರದಿದ್ದರೆ ದೀಪಾವಳಿಗೆ ಹುಡುಗನ ಕಡೆಯವರು ಬಂದು ಹೋಗಲಿ ಅಂತ ನಿಮ್ಮಪ್ಪ ಅನ್ನುತ್ತಿದ್ದಾರೆ ಎಂದು ಮೆಲ್ಲಗೆ ಹೇಳಿದಳು. ಮೈಯೆಲ್ಲ ಉರಿಯಿತು. ಬರದಿದ್ದರೆ ಎನ್ನುವ ಮಾತನ್ನು ಯಾರೂ ಆಡಕೂಡದು ಎಂದು ಕೂಗಿ ಫೋನ್ ಇಟ್ಟೆ.

ಜುಲೈ 14, ಸೋಮವಾರ

ಇವತ್ತು ಅಲ್ಲಿ ಭಾಷೆಯ ತರಗತಿ ಶುರುವಾಯಿತು. ನಾನಿಲ್ಲದೆ.

ಜುಲೈ 19, ಶನಿವಾರ

ಏನು ಬರೆಯಲಿ. ಮಳೆ. ದಿಬ್ಬ, ಮನೆ, ದಿಬ್ಬ, ಮನೆ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನಿಸುತ್ತದೆ. ಅತ್ತೆ ಸೊಪ್ಪು ಸೋಸಲು ಕೊಟ್ಟರೆ ಅರ್ಧ ಸೋಸಿ ಎದ್ದು ಹೋಗಿದ್ದೆ, ಉಳಿದದ್ದನ್ನು ಭರಮವ್ವ ಸೋಸಿದರು. ಜೇವಲೀಸ ಕಾ ಎಂದು ಕೇಳಿದರು, ಊಟ ಆಯಿತೇ ಎಂದು. ಹೋ, ಆಯಿತು ಎಂದೆ.

ಜುಲೈ 29, ಮಂಗಳವಾರ. ಪಂಚಮಿ

ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುವ ಹಬ್ಬ. ಅತ್ತೆ ನಿನ್ನೆಯೇ ಕೊಣ್ಣೂರಿಗೆ ಹೋದಳು. ನನ್ನ ಮನೆಗೆ! ನನ್ನ ಅವ್ವನ ಕೈಯ ಉಂಡಿ ತಿನ್ನಲು, ನಮ್ಮ ಬೇವಿನ ಮರದ ಜೋಕಾಲಿ ಜೀಕಲು. ನಾನು ಅವಳ ಮನೆಯಲ್ಲಿ.

ಅಪ್ಪ ಫೋನ್ ಮಾಡಿ, ಒಂದು ದಿನದ ಮಟ್ಟಿಗೆ ಬಂದು ಹೋಗು, ಆಯಿಗೆ ನಾನು ಹೇಳುತ್ತೇನೆ ಎಂದಿದ್ದರು. ನಾನೇ ಬೇಡವೆಂದೆ. ಮೊಹರು ಹಾಕಿದ ಪತ್ರ ಮುಂಬಯಿಯಲ್ಲಿ ಈಗಷ್ಟೇ ಪರಿಶೀಲನೆಗೆ ಹೋಗಿದೆ, ಈಗ್ಯಾಕೆ ಇಲ್ಲದ ಕಿರಿಕಿರಿ.

ಹಾಗಾಗಿ ಇಡೀ ದಿನ ನಾನು ಮತ್ತು ಭರಮವ್ವಜ್ಜಿ ಇಬ್ಬರೇ. ಅವರ ಮರಾಠಿ ನನಗೆ, ನನ್ನ ಕನ್ನಡ ಅವರಿಗೆ ಈಗ ಸುಮಾರಾಗಿ ತಿಳಿಯುತ್ತದೆ. ಬೆಳಿಗ್ಗೆ ಅವರು ಸೇಂಗಾ ಹುರಿದು ನನ್ನ ಮುಂದೆ ಒರಳು ಇಟ್ಟರು. ಕುಟ್ಟಿದೆ. ಬೆಲ್ಲ ಹೆಚ್ಚಾಯಿತು ಎಂದರು. ಇಲ್ಲ, ನಮ್ಮಲ್ಲಿ ಇಷ್ಟೇ ಹಾಕುತ್ತೇವೆ ಎಂದೆ. ಜಗಳ ಮಾಡಿ ಮಾಡಿ ಕೊನೆಗೆ ಎರಡು ತರದ ಉಂಡಿ ಕಟ್ಟಿದೆವು. ಯಾರ ಉಂಡಿ ಯಾರದೆಂದು ಮಧ್ಯಾಹ್ನದೊಳಗೆ ಇಬ್ಬರಿಗೂ ಗೊತ್ತಾಗದಾಯಿತು.

ನೀವು ಯಾಕೆ ತವರಿಗೆ ಹೋಗುವುದಿಲ್ಲ ಎಂದು ಸುಮ್ಮನೆ ಕೇಳಿದೆ. ಅವರು ನನ್ನನ್ನು ದಿಬ್ಬದ ಮೇಲೆ ಕರೆದುಕೊಂಡು ಹೋದರು. ಹಿನ್ನೀರು ತುಂಬಿ ನಿಂತಿತ್ತು. ಕೈ ಮಾಡಿ ತೋರಿಸಿದರು, ಅಲ್ಲಿ, ಆ ನೀಲಗಿರಿ ಮರಗಳ ನೇರಕ್ಕೆ. ಅವರ ಊರು ಅಣೆಕಟ್ಟಿನ ನೀರಿನ ಕೆಳಗಿದೆ. ಮದುವೆಯಾಗಿ ದಡ್ಡಿಗೆ ಬಂದ ಮೇಲೆ ಮುಳುಗಿತು. ಅಣ್ಣಂದಿರು ಎಲ್ಲೆಲ್ಲೋ ಹೋದರು. ಮೊದಮೊದಲು ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿ ಕೆಸರಿನಲ್ಲಿ ನಡೆದುಕೊಂಡು ಹೋಗಿ ಮನೆಯ ಜಾಗ ಹುಡುಕುತ್ತಿದ್ದರಂತೆ. ಒಂದು ವರ್ಷ ಹೊಸ್ತಿಲಿನ ಕಲ್ಲು ಸಿಕ್ಕಿತಂತೆ. ಸ್ವಲ್ಪ ಹೊತ್ತು ಅದರ ಮೇಲೆ ಕೂತು ಬಂದರಂತೆ. ಮುಂದಿನ ವರ್ಷ ಅದೂ ಕಾಣಲಿಲ್ಲ.

ನಾನು ಕೂತು ನೆಟ್‌ವರ್ಕ್ ಹುಡುಕುವ ಜಾಗವೂ ಅದೇ. ಮೊಬೈಲನ್ನು ಚೀಲದಿಂದ ತೆಗೆಯಲು ಮನಸ್ಸಾಗಲಿಲ್ಲ.

ಆಗಸ್ಟ್ 9, ಶನಿವಾರ

ಕಾಲೇಜಿಗೆ ಒಂದು ಪ್ರಬಂಧ ಕಳಿಸಬೇಕಿತ್ತು. ಪರದೇಶದ ಮನೆಯೊಂದರಲ್ಲಿ ಹೊಂದಿಕೊಳ್ಳುವುದು ಹೇಗೆ ಎಂಬ ವಿಷಯ. ಮೇಡಂ ಒಳ್ಳೆಯ ಅಂಕ ಕೊಟ್ಟು, ಅನುಭವದಿಂದ ಬರೆದ ಹಾಗಿದೆ ಎಂದು ಕೆಳಗೆ ಬರೆದಿದ್ದಾರೆ. ಎಲ್ಲಿಯ ಅನುಭವ! ಹೊತ್ತು ಹೋಗದೆ ತೋಚಿದ್ದು ಗೀಚಿದ್ದೆ.

ವೀಸಾ ಇನ್ನೂ ‘ಪರಿಶೀಲನೆಯಲ್ಲಿದೆ’. ದಿನಕ್ಕೆ ಒಂದೇ ಸಲ ನೋಡುತ್ತೇನೆ, ಮಧ್ಯಾಹ್ನ ಊಟವಾದ ಮೇಲೆ. ಮೊನ್ನೆ ಊಟಕ್ಕೆ ಮೊದಲೇ ನೋಡಿದ್ದಕ್ಕೆ ಆ ದಿನ ಸೈಟೇ ತೆರೆಯಲಿಲ್ಲ. ಸೂಟ್‌ಕೇಸಿನ ಚೈನು ತೆಗೆಯುವುದಿಲ್ಲ. ಅದರಲ್ಲಿನ ಬಟ್ಟೆ ಬೇಕಾದರೂ ಅತ್ತೆಯ ಸೀರೆಯನ್ನೇ ಉಟ್ಟುಕೊಳ್ಳುತ್ತೇನೆ. ದಿಬ್ಬಕ್ಕೆ ಹೋಗುವಾಗ ಹುಣಸೆ ಮರದ ಬಲಗಡೆಯಿಂದ ಹೋಗುತ್ತೇನೆ. ಇದೆಲ್ಲ ನಂಬಿಕೆಯೇನಲ್ಲ, ಸುಮ್ಮನೆ ಒಂದು ಅಭ್ಯಾಸ.

ಆಗಸ್ಟ್ 17, ಭಾನುವಾರ

ಆಯಿ ಬಿದ್ದಿದ್ದಾಳೆ. ಹಿತ್ತಲಲ್ಲಿ ಎಮ್ಮೆಗೆ ನೀರಿಡಲು ಹೋಗಿ ಜಾರಿದಳಂತೆ. ಸೊಂಟದ ಎಲುಬು ಮುರಿದಿದೆ. ಗೋಕಾಕದ ಆಸ್ಪತ್ರೆಯಲ್ಲಿದ್ದಾಳೆ.

ನಾನು ಈಗಲೇ ಹೊರಟೆ ಅಂದೆ. ಅಪ್ಪ ಬೇಡ ಎಂದರು, ಆಸ್ಪತ್ರೆಯಲ್ಲಿ ಒಬ್ಬರನ್ನೇ ಬಿಡುತ್ತಾರಂತೆ, ಅವ್ವ ಇದ್ದಾಳೆ. ಮನೆಗೆ ಕರೆತಂದ ಮೇಲೆ ಬಾ ಎಂದರು. ಭರಮವ್ವಜ್ಜಿ ಪಕ್ಕದಲ್ಲಿ ಬಂದು ಕೂತು ನನ್ನ ತಲೆಗೆ ಎಣ್ಣೆ ಹಚ್ಚಿದಳು. ಯಾವಾಗ ಹೋಗುತ್ತೀ ಎಂದು ಇವತ್ತು ಕೇಳಲಿಲ್ಲ.

ಆಗಸ್ಟ್ 21, ಗುರುವಾರ

ಆಯಿಯನ್ನು ಮನೆಗೆ ತಂದಿದ್ದಾರೆ. ಈ ವಯಸ್ಸಿನಲ್ಲಿ ಆಪರೇಷನ್ ಬೇಡ, ಮಲಗಿಸಿ ನೋಡಿಕೊಳ್ಳಿ ಎಂದರಂತೆ ಡಾಕ್ಟರು. ಅಂದರೆ ಏನು ಅರ್ಥ ಎಂದು ಅಪ್ಪನನ್ನು ಕೇಳಿದೆ. ಅವರು ಎಮ್ಮೆಯ ವಿಷಯ ಮಾತಾಡಿದರು.

ಆಗಸ್ಟ್ 24, ಭಾನುವಾರ

ಕೊಣ್ಣೂರಿಗೆ ಹೋಗಿ ಬಂದೆ. ಫ್ಲೆಕ್ಸ್ ಅರ್ಧ ಹರಿದು ಜೋತಾಡುತ್ತಿದೆ. ನನ್ನ ಮುಖ ಉಳಿದಿಲ್ಲ, ಹಾರ್ದಿಕ ಶುಭಾಶಯಗಳು ಉಳಿದಿದೆ.

ಆಯಿಯ ಮಂಚವನ್ನು ಕಿಟಕಿಯ ಪಕ್ಕ ಹಾಕಿದ್ದಾರೆ. ನಾನು ಹೊರಗೆ ಕಟ್ಟೆಯ ಮೇಲೆ ನಿಂತು ಕಿಟಕಿಯಿಂದ ಮಾತಾಡಿಸಿದೆ. ಅವಳ ಕೈ ಹಿಡಿಯಬೇಕೆಂದರೆ ಸರಳಿನ ನಡುವೆ ನನ್ನ ಮೊಣಕೈ ಹೋಗಲಿಲ್ಲ. ಬೆರಳುಗಳಷ್ಟೇ ಮುಟ್ಟಿದವು. ಎಷ್ಟು ಸಣ್ಣಗಾಗಿದ್ದಾಳೆ! ಆ ದೊಡ್ಡ ಹಣೆ, ಆ ವಿಭೂತಿ ಅಷ್ಟೇ ಅವಳದು.

“ಒಳಗ ಬಾ ಮಗಳ” ಎಂದಳು.

“ಬ್ಯಾಡ ಆಯಿ. ಹೊಸ್ತಿಲ ಬಿಟ್ಟೇನಲ್ಲ. ಇವತ್ತ ನಾಳಿ ವೀಸಾ ಬರೂದೈತಿ.”

“ಹೊಸ್ತಿಲ ಬಿಡಿಸಿದಾಕಿ ನಾನ. ಈಗ ನಾನ ಹೇಳಾಕತ್ತೇನಿ, ಬಾ.”

ಅಪ್ಪ, ಅವ್ವ, ಅಭಿಷೇಕ ಎಲ್ಲರೂ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಒಳಗೆ ಹೋಗಲಿಲ್ಲ. ಎರಡು ತಿಂಗಳು ಕಾದಿದ್ದೇನೆ. ಇನ್ನೇನು ಬರುವ ಹೊತ್ತಿನಲ್ಲಿ ನನ್ನ ಕೈಯಾರೆ ಕೆಡಿಸಿಕೊಳ್ಳಲೇ? ಬಂದ ಕೂಡಲೇ ಹೋಗಿ ಬರುತ್ತೇನೆ, ಬಂದ ಮೇಲೆ ಅವಳ ಮಂಚದ ಪಕ್ಕವೇ ಇರುತ್ತೇನೆ. ಸರಿಯಾಗಿಯೇ ಮಾಡಿದೆ. ಆಯಿ ಮುಖವನ್ನು ಆ ಕಡೆ ತಿರುಗಿಸಿದಳು. ನೋವಿಗಿರಬೇಕು.

ಸರಿಯಾಗಿಯೇ ಮಾಡಿದೆ.

ಆಗಸ್ಟ್ 25, ಸೋಮವಾರ

ಅಜ್ಜಿ ಬೆಳಿಗ್ಗೆಯಿಂದ ನನ್ನ ಜೊತೆ ಮಾತಾಡಿರಲಿಲ್ಲ. ಭಾಕ್ರಿ ತಟ್ಟುತ್ತಿದ್ದಳು. ಆಯಿಯನ್ನು ನೋಡಿಬಂದೆ ಎಂದು ನಾನೇ ಶುರುಮಾಡಿದೆ. ಅತ್ತೆ ಎಲ್ಲ ಹೇಳಿದ್ದಾಳೆಂದು ಕಾಣುತ್ತದೆ. ಹಂಚಿನ ಮೇಲಿನಿಂದ ಕಣ್ಣೆತ್ತದೆ ಅಂದಳು, “ತುಲಾ ದಾರ ಆಹೇ ನಾ?”

ನಿನಗೆ ಬಾಗಿಲು ಇದೆಯಲ್ಲ. ಅಷ್ಟೇ. ಭಾಕ್ರಿ ಮಗುಚಿ ಹಾಕಿದಳು.

ಎದ್ದು ಹೋಗಿ ದಿಬ್ಬದ ಮೇಲೆ ಕೂತೆ. ಸೈಟು ನೋಡಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ಯಾರ ಮೇಲೆ ಸಿಟ್ಟು ಮಾಡಲಿ ಎಂದು ಹುಡುಕಿದರೆ ಯಾರೂ ಸಿಗಲಿಲ್ಲ.

ಆಗಸ್ಟ್ 28, ಗುರುವಾರ

ಬಂತು.

ನಿನ್ನೆ ಊರಿಗೆಲ್ಲ ಗಣಪತಿ ಬಂದ. ಇವತ್ತು ಪಾಸ್‌ಪೋರ್ಟ್ ಬಂತು. ನಾನು ವಿಳಾಸ ಕೊಟ್ಟಿದ್ದು ಕೊಣ್ಣೂರಿನದು, ಹಾಗಾಗಿ ಕೊರಿಯರಿನವನು ನೇರವಾಗಿ ನಮ್ಮ ಮನೆಗೇ ಹೋಗಿ ಕೊಟ್ಟಿದ್ದಾನೆ. ಪಾಸ್‌ಪೋರ್ಟ್ ಹೊಸ್ತಿಲು ದಾಟಿ ಒಳಗೆ ಹೋಯಿತು, ಅದರ ಒಡತಿ ಹೊರಗೆ. ಅಭಿಷೇಕ ವೀಸಾದ ಹಾಳೆಯ ಫೋಟೋ ಕಳಿಸಿದ. ದಿಬ್ಬದ ಮೇಲೆ ಕುಣಿದೆ. ಕುಣಿದು ಮುಗಿದ ಮೇಲೆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ.

ವೀಸಾ ಕೊಟ್ಟ ತಾರೀಖು ಆಗಸ್ಟ್ 20.

ಭಾನುವಾರ ನಾನು ಕಿಟಕಿಯ ಹೊರಗೆ ನಿಂತು ಬ್ಯಾಡ ಆಯಿ ಎಂದಾಗ ವೀಸಾ ಆಗಲೇ ಆಗಿತ್ತು. ಮುಂಬಯಿಯಲ್ಲಿ ಯಾವುದೋ ಟೇಬಲ್ಲಿನ ಮೇಲೆ ಸುಮ್ಮನೆ ಬಿದ್ದಿತ್ತು, ಸೈಟು ಮಾತ್ರ ‘ಪರಿಶೀಲನೆಯಲ್ಲಿದೆ’ ಎನ್ನುತ್ತಲೇ ಇತ್ತು. ನಾನು ಒಳಗೆ ಹೋಗಿದ್ದರೂ ಅದು ಬರುತ್ತಿತ್ತು. ನಾನು ಏನು ಕಾಯುತ್ತಿದ್ದೆ? ಯಾರನ್ನು ಹೊರಗೆ ನಿಲ್ಲಿಸಿದೆ? ನಾಚಿಕೆಯಾಗುತ್ತಿದೆ, ಬರೆಯಲಿಕ್ಕೂ.

ಅಪ್ಪ ನಾಳೆ ಪಾಸ್‌ಪೋರ್ಟ್ ತಂದುಕೊಡುತ್ತೇನೆ ಎಂದರು. ಬೇಡ, ನಾನೇ ಬರುತ್ತೇನೆ ಅಂದೆ. ಟಿಕೆಟ್ ಮಾಡಿಸಿದ್ದಾರೆ, ಸೋಮವಾರ ಸಂಜೆ ಬೆಳಗಾವಿಯಿಂದ ಮುಂಬಯಿಗೆ ಬಸ್ಸು, ಬುಧವಾರ ವಿಮಾನ.

ಆಗಸ್ಟ್ 31, ಭಾನುವಾರ. ಕೊಣ್ಣೂರ, ನಮ್ಮ ಮನೆ

ಬೆಳಿಗ್ಗೆ ದಡ್ಡಿ ಬಿಟ್ಟೆ. ಅಜ್ಜಿ ಬುತ್ತಿ ಕಟ್ಟಿಕೊಟ್ಟಳು, ಭಾಕ್ರಿ, ಸೇಂಗಾ ಚಟ್ನಿ, ನನ್ನ ಅಳತೆಯ ಬೆಲ್ಲ ಹಾಕಿದ ಉಂಡಿ. ಈ ಎರಡು ತಿಂಗಳು ದಿನಾ ಯಾವಾಗ ಹೋಗುತ್ತೀ ಎಂದು ಕೇಳುತ್ತಿದ್ದುದು ಈ ಬುತ್ತಿಗಾಗಿ ಎಂದು ಅತ್ತೆ ಈಗ ಹೇಳುತ್ತಾಳೆ. ಹಿಟ್ಟು ಮುಗಿದ ದಿನ ನೀನು ಹೊರಟುಬಿಟ್ಟರೆ ಎಂದು ಅಜ್ಜಿ ಒಂದು ಡಬ್ಬಿ ಹಿಟ್ಟನ್ನು ಬೇರೆಯೇ ತೆಗೆದಿಟ್ಟಿದ್ದಳಂತೆ. ಬಸ್ಸು ಹತ್ತುವಾಗ ಮತ್ತೆ ಯಾವಾಗ ಬರುತ್ತೀ ಎಂದು ಕೇಳಿದಳು, “ಪರತ ಕಧೀ ಯೇಣಾರ?”

ಜನವರಿಯಲ್ಲಿ ಬರುತ್ತೇನೆ, ಪಂಚಮಿಗಂತೂ ಇಲ್ಲೇ ಇರುತ್ತೇನೆ ಎಂದೆ. ಹಾಗಾದರೆ ಬೆಲ್ಲ ಕಡಿಮೆ ಹಾಕಲು ಅಷ್ಟರಲ್ಲಿ ಕಲಿತುಕೋ ಎಂದಳು.

ಮನೆಯ ಮುಂದೆ ಆಟೋದಿಂದ ಇಳಿದು ನೇರ ಬಾಗಿಲಿಗೆ ನಡೆದೆ. ಅವ್ವ ಬಾಗಿಲಿಗೆ ಅಡ್ಡ ಬಂದಳು. “ಒಂದ ದಿವಸದ ಮಾತ, ಹೊರಗ ನಿಂತ ಮಾತಾಡ ಸುಮನ್. ಇಷ್ಟ ದಿವಸ ಪಾಲಿಸಿ...” ಎಂದಳು. ಅವಳ ಕಣ್ಣಲ್ಲೂ ಹೆದರಿಕೆ. ನನಗೂ ಹೆದರಿಕೆಯೇ. ವಿಮಾನ ತಪ್ಪಿದರೆ, ಅಲ್ಲಿಂದ ತಿರುಗಿ ಕಳಿಸಿದರೆ ಎಂದು ಬಸ್ಸಿನಲ್ಲಿ ಎಲ್ಲ ಯೋಚಿಸಿದ್ದೆ. ಅವ್ವನ ಭುಜ ಸರಿಸಿ ಹೊಸ್ತಿಲು ದಾಟಿ ಒಳಗೆ ಹೋದೆ.

ಆಯಿ ಎಚ್ಚರವಿದ್ದಳು. ಮಂಚದ ಮೇಲೆ ಅವಳ ಪಕ್ಕ ಕೂತು ಕೈ ಹಿಡಿದುಕೊಂಡೆ. ತಪ್ಪಾಯಿತು ಎನ್ನಬೇಕೆಂದು ಬಂದಿದ್ದೆ. ಅದನ್ನು ಬಿಟ್ಟು ಅವಳ ಹೊದಿಕೆ ಸರಿಮಾಡಿದೆ. ಅವಳು ನನ್ನನ್ನು, ಅತ್ತೆಯ ಸೀರೆಯನ್ನು, ಎಣ್ಣೆ ಹಚ್ಚಿದ ತಲೆಯನ್ನು ನೋಡಿದಳು. ಬಾಗಿಲಲ್ಲಿ ಅಳುತ್ತಿದ್ದ ಅವ್ವನನ್ನೂ ನೋಡಿದಳು.

“ಯಾಕ ಅಳ್ತಿ, ಲಕ್ಷ್ಮೀ?” ಎಂದಳು ಅವ್ವನಿಗೆ. “ಹೊಸ್ತಿಲ ಬಿಟ್ಟಾಕಿ ಹೋಗಿ ಬರೂತನಾ ಒಳಗ ಬರಬಾರದು. ಇಕಿ ಒಳಗ ಬಂದಾಳ. ಅಂದ್ರ ಹೋಗಿ ಬಂದಾಳ.”

ಆಯಿ ನನ್ನ ಕೈ ಒತ್ತಿದಳು. “ಹೇಳ. ಆ ಊರು ಹೆಂಗಿತ್ತ?”

“ಆಯಿ, ನಾ ಇನ್ನೂ...”

“ಜನವರಿತನಾ ನಾ ಇರ್ತೀನೋ ಇಲ್ಲೋ. ಆವಾಗ ಯಾರಿಗೆ ಹೇಳ್ತಿ? ಈಗ ಹೇಳಿಬಿಡ.”

ಅವಳ ಕಣ್ಣು ನಿಚ್ಚಳವಾಗಿತ್ತು. ಎಲ್ಲ ಗೊತ್ತಿದ್ದೇ ಕೇಳುತ್ತಿದ್ದಳು. ಹಣಮಂತ ಕಾಕಾಗೆ ಹೇಳಿದ ಸುಳ್ಳು ಎಷ್ಟು ಸಲೀಸಾಗಿ ಬಾಯಿಗೆ ಬಂದಿತ್ತು. ಇವತ್ತು ಒಂದು ಸುಳ್ಳೂ ಹೊಳೆಯಲಿಲ್ಲ. ಹಾಗಾಗಿ ಕಂಡದ್ದನ್ನೇ ಹೇಳಿದೆ.

ಊರ ಪಕ್ಕ ದೊಡ್ಡ ನೀರು ಇದೆ ಎಂದೆ. ನಾನಿದ್ದ ಮನೆಯಲ್ಲಿ ಒಬ್ಬಳು ಅಜ್ಜಿ ಇದ್ದಳು, ಮೊದಮೊದಲು ನನ್ನನ್ನು ಯಾವಾಗ ಹೋಗುತ್ತೀ ಎಂದು ದಿನಾ ಕೇಳುತ್ತಿದ್ದಳು, ನಾನು ಮುಖ ಊದಿಸಿಕೊಂಡು ಕೋಣೆಯಲ್ಲಿ ಕೂರುತ್ತಿದ್ದೆ ಎಂದೆ. ಅವಳ ತವರು ನೀರಿನಲ್ಲಿ ಮುಳುಗಿದ್ದನ್ನು ಹೇಳಿದೆ. ಹಬ್ಬಕ್ಕೆ ಇಬ್ಬರೂ ಜಗಳ ಮಾಡಿ ಉಂಡಿ ಕಟ್ಟಿದ್ದನ್ನು ಹೇಳಿದೆ.

“ಅಲ್ಲೂ ಉಂಡಿ ಮಾಡ್ತಾರ?”

“ಮಾಡ್ತಾರ. ಬೆಲ್ಲ ಕಡಿಮಿ ಹಾಕ್ತಾರ.”

ಅಪ್ಪ ಗೋಡೆಯ ಕಡೆ ತಿರುಗಿ ನಿಂತರು. ಅಭಿಷೇಕ ಕೂಡ ನಗಲಿಲ್ಲ.

“ಹೊಟ್ಟಿ ತುಂಬ ಹಾಕ್ತಿದ್ರ?” ಎಂದಳು ಆಯಿ.

“ಹಾಕ್ತಿದ್ರ.”

“ಅವರ ಭಾಷಾ ತಿಳೀತಿತ್ತ ನಿನಗ?”

“ಮೊದಲ ತಿಳೀತಿರಲಿಲ್ಲ ಆಯಿ. ಆಮ್ಯಾಲ ತಿಳೀತು.”

ಹೂಂ, ಎಂದಳು. ಬುತ್ತಿಯಿಂದ ಒಂದು ಉಂಡಿ ತೆಗೆದುಕೊಟ್ಟೆ. ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ಚೀಪಿದಳು. ಬೆಲ್ಲ ಸರಿಯಾಗಿದೆ ಎಂದಳು. ಆಮೇಲೆ ದಿಂಬಿನ ಕೆಳಗೆ ಕೈ ಹಾಕಿ ಪಾಸ್‌ಪೋರ್ಟ್ ತೆಗೆದು ನನ್ನ ಉಡಿಯಲ್ಲಿ ಇಟ್ಟಳು.

“ನಾಳಿ ಮತ್ತ ಹೋಗಾಕಿ ಅದಿಯಲ್ಲ. ಹೋಗ. ಈ ಸಲ ಹೇಳೂದು ಏನೂ ಬಾಕಿ ಉಳಿದಿಲ್ಲ.”

ಇಡೀ ದಿನ ಅವಳ ಪಕ್ಕವೇ ಇದ್ದೆ. ಎಲ್ಲಿಗೂ ಎದ್ದು ಹೋಗಬೇಕು ಅನಿಸಲಿಲ್ಲ.

ಸೆಪ್ಟೆಂಬರ್ 1, ಸೋಮವಾರ. ಬೆಳಗಾವಿ ಬಸ್ಸಿನಲ್ಲಿ

ಇವತ್ತು ಒಳ್ಳೆಯ ದಿನವೋ ಕೆಟ್ಟ ದಿನವೋ ಯಾರೂ ಅಯ್ಯನವರನ್ನು ಕೇಳಲಿಲ್ಲ. ಅವ್ವ ಕೇಳೋಣ ಎಂದಳು, ಆಯಿ ಬೇಡ ಎಂದಳು. ಅಪ್ಪ ಸೂಟ್‌ಕೇಸ್ ಹೊತ್ತುಕೊಂಡು ಮುಂದೆ ನಡೆದರು. ಫ್ಲೆಕ್ಸಿನ ಉಳಿದ ಅರ್ಧವನ್ನು ಅಭಿಷೇಕ ಬಿಚ್ಚಿ ತಂದು ದನದ ಕೊಟ್ಟಿಗೆಯ ಸೋರುವ ಮೂಲೆಗೆ ಹೊದಿಸಿದ್ದಾನೆ.

ತಿರುಗಿ ನೋಡಬೇಡ ಎಂದು ಈ ಸಲ ಯಾರೂ ಹೇಳಲಿಲ್ಲ. ಓಣಿಯ ತಿರುವಿನಲ್ಲಿ ನಿಂತು ನೋಡಿದೆ. ಕಿಟಕಿಯ ಸರಳಿನ ನಡುವೆ ಆಯಿಯ ಕೈ ಕಾಣುತ್ತಿತ್ತು. ಹೋಗು ಎಂದು ಬೀಸುತ್ತಿದ್ದಳೋ, ನೊಣ ಓಡಿಸುತ್ತಿದ್ದಳೋ, ಅಷ್ಟು ದೂರದಿಂದ ತಿಳಿಯಲಿಲ್ಲ. ನಾನೂ ಕೈ ಬೀಸಿದೆ.